ಕಾರಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸಬಹುದಾ? ಥ್ರೆಡ್ ಹಾಳಾದರೆ ಏನು ಗತಿ?

ಓದುಗರ ಪ್ರಶ್ನೆ: ನಮ್ಮದು 2014ರ ಪೆಟ್ರೋಲ್ ಸ್ವಿಫ್ಟ್. 78,000 ಕಿ.ಮೀ. ಓಡಿದೆ. ನಾನು ಎರಡನೇ ಮಾಲೀಕ. ಹಿಂದಿನವರು ಪ್ಲಗ್ ಬದಲಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಮನೆ ಸಾಗರದಲ್ಲಿ. ಈ ಮಳೆಗಾಲದಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ನಡುಗುತ್ತದೆ, ನಾಲ್ಕೈದು ನಿಮಿಷದಲ್ಲಿ ಸರಿಹೋಗುತ್ತದೆ. ಹೊನ್ನಾವರದಿಂದ ವಾಪಸ್ ಬರುವಾಗ ಘಾಟಿಯಲ್ಲಿ ಮೂರನೇ ಗೇರ್‌ನಲ್ಲಿ ಜರ್ಕ್ ಹೊಡೆಯುತ್ತದೆ. ಮೈಲೇಜ್ 17ರಿಂದ 14ಕ್ಕೆ ಇಳಿದಿದೆ. ಎಂಜಿನ್ ಲೈಟ್ ಬಂದಿಲ್ಲ. ಗ್ಯಾರೇಜಿನವರು ನಾಲ್ಕೂ ಇರಿಡಿಯಂ ಪ್ಲಗ್ ಹಾಕಿಸಿ, ಪಿಕಪ್ಪೂ ಮೈಲೇಜೂ ಎರಡೂ ಬರುತ್ತೆ ಎಂದರು. ನಮ್ಮ ಭಾವನ ಪ್ರಕಾರ ಹಳೆಯದನ್ನೇ ಎಮರಿ ಪೇಪರ್‌ನಲ್ಲಿ ಉಜ್ಜಿ ಹಾಕಿದರೆ ಸಾಕು. ಬೈಕಿನ ಪ್ಲಗ್ ಬಿಚ್ಚಿ ನನಗೆ ಅಭ್ಯಾಸ ಇದೆ, ಇದನ್ನೂ ನಾನೇ ಮಾಡಬೇಕು ಅಂತ ಆಸೆ. ಆದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ಎಂಜಿನ್ನೇ ಇಳಿಸಬೇಕು ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಕು ಎಂದು ಕೆಲವರು, ಹಚ್ಚಲೇಬಾರದು ಎಂದು ಕೆಲವರು. ಯಾರ ಮಾತು ನಂಬಲಿ?

ಉತ್ತರ:

ಮೊದಲು ನೇರ ಉತ್ತರ. ಹೌದು, ನಿಮ್ಮ ಕಾರಿನಲ್ಲಿ ಇದು ಮನೆಯಲ್ಲೇ ಆಗುವ ಕೆಲಸ. ನಾಲ್ಕು ಸಿಲಿಂಡರ್‌ಗಳು ಸಾಲಾಗಿವೆ, ಪ್ಲಗ್‌ಗಳು ಎಂಜಿನ್ನಿನ ಮೇಲ್ಭಾಗದಲ್ಲೇ ಇವೆ, ಕೈಗೆ ಸಿಗುತ್ತವೆ. ಬೈಕಿನ ಪ್ಲಗ್ ಬಿಚ್ಚಿದ ಕೈ ನಿಮ್ಮದು. ಅವಸರ ಮಾಡದೆ ಕೂತರೆ ಒಂದೂವರೆ ಗಂಟೆ ಸಾಕು.

ಥ್ರೆಡ್ ಬಗ್ಗೆ ನಿಮಗಿರುವ ಭಯ ಸುಮ್ನೆ ಹುಟ್ಟಿದ್ದಲ್ಲ. ಪ್ಲಗ್ ಉಕ್ಕಿನದು, ಅದು ಕೂರುವ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂ. ಇಬ್ಬರಲ್ಲಿ ಸೋಲುವುದು ಯಾವಾಗಲೂ ಹೆಡ್ಡೇ. ಆದರೆ ಹೊಸ ಪ್ಲಗ್ ಹಾಕುವಾಗ ಥ್ರೆಡ್ ಹಾಳಾಗುವ ದಾರಿ ಎರಡೇ: ಓರೆಯಾಗಿ ಕೂರಿಸಿ ಪಾನಾ ಹಾಕಿ ತಿರುಗಿಸುವುದು, ಅಥವಾ ಸರಿಯಾಗಿ ಕೂರಿಸಿ ಅತಿಯಾಗಿ ಬಿಗಿ ಮಾಡುವುದು. ಎರಡೂ ನಿಮ್ಮ ಕೈಯಲ್ಲೇ ಇವೆ. ನನ್ನ ಬಳಿ ಥ್ರೆಡ್ ಕಳೆದುಕೊಂಡು ಬಂದ ಕಾರುಗಳಲ್ಲಿ ಹೆಚ್ಚಿನವು ಮನೆಯಲ್ಲಿ ಕೆಲಸ ಮಾಡಿದವರದ್ದಲ್ಲ. ಉದ್ದ ಹಿಡಿಯ ಪಾನಾದಲ್ಲಿ, ಗಡಿಬಿಡಿಯಲ್ಲಿ, ಯಾರೋ ಹುಡುಗ ಬಿಗಿ ಮಾಡಿದ ಕಾರುಗಳವು. ಹೆದರಿದವರು ನಿಧಾನ ಮಾಡುತ್ತಾರೆ. ಈ ಕೆಲಸದಲ್ಲಿ ಆ ಹೆದರಿಕೆ ಉಪಯೋಗಕ್ಕೇ ಬರುತ್ತದೆ.

ತಪ್ಪು ಪ್ಲಗ್ಗಿನದ್ದೇನಾ?

ನೀವು ಹೇಳಿದ ಲಕ್ಷಣಗಳಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಘಾಟಿಯ ಜರ್ಕ್. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ ಆಗುತ್ತದೆ. ಒತ್ತಡ ಜಾಸ್ತಿ ಆದಷ್ಟೂ ಪ್ಲಗ್ಗಿನ ತುದಿಯಲ್ಲಿರುವ ಸಣ್ಣ ಸಂದಿಯನ್ನು ಕಿಡಿ ದಾಟುವುದು ಕಷ್ಟ, ಅದಕ್ಕೆ ಹೆಚ್ಚು ವೋಲ್ಟ್ ಬೇಕು. ಸಮತಟ್ಟು ರಸ್ತೆಯಲ್ಲಿ ಸುಧಾರಿಸಿಕೊಂಡು ಹೋಗುವ ಸವೆದ ಪ್ಲಗ್ ಏರಿನಲ್ಲಿ ಆಗೊಮ್ಮೆ ಈಗೊಮ್ಮೆ ಕಿಡಿ ಕೊಡದೆ ಹೋಗುತ್ತದೆ. ಗ್ಯಾರೇಜಿನ ಮಾತಿನಲ್ಲಿ 'ಮಿಸ್ಸಿಂಗ್' ಅನ್ನುವುದು ಇದನ್ನೇ. ನಿಮ್ಮ ಕಾಲಿಗೆ ಅದು ಜರ್ಕ್ ಆಗಿ ಗೊತ್ತಾಗುತ್ತದೆ. ಇಂಥ ಮಿಸ್ಸಿಂಗ್ ಕೆಲವು ಸಲ ಮಾತ್ರ ಆದರೆ ಎಂಜಿನ್ ಲೈಟ್ ಬರದೇ ಇರಬಹುದು.

ಸಾಮಾನ್ಯ ನಿಕ್ಕಲ್ ಪ್ಲಗ್ ಬಾಳುವುದು ಸುಮಾರು 30ರಿಂದ 40 ಸಾವಿರ ಕಿ.ಮೀ. ನಿಮ್ಮ ಕಾರಿನ ಪುಸ್ತಕದಲ್ಲಿ ಎಷ್ಟಕ್ಕೆ ಬದಲಿಸಬೇಕು ಎಂದು ಬರೆದಿರುತ್ತದೆ, ಅದನ್ನು ನೋಡಿ. 78,000ಕ್ಕೂ ಮೊದಲ ಪ್ಲಗ್‌ಗಳೇ ಇದ್ದರೆ ಅವುಗಳ ಕಾಲ ಮುಗಿದು ಬಹಳ ದಿನ ಆಗಿದೆ. ಬೇರೇನೂ ನೋಡದೆ ಬದಲಿಸಿ ಎನ್ನಲು ಅಷ್ಟೇ ಸಾಕು.

ಆದರೆ ಬೆಳಗಿನ ನಡುಕಕ್ಕೆ ಇನ್ನೊಂದು ಕಾರಣವೂ ಇರಬಹುದು. ಮಳೆಗಾಲದಿಂದ ಶುರುವಾಯಿತು ಅಂದಿದ್ದೀರಿ. ನಿಮ್ಮ ಎಂಜಿನ್‌ನಲ್ಲಿ ಪ್ಲಗ್‌ಗಳು ಆಳವಾದ ಬಾವಿಯಂಥ ಕೊಳವೆಯ ತಳದಲ್ಲಿ ಕೂತಿರುತ್ತವೆ. ಪ್ರತಿ ಪ್ಲಗ್ಗಿನ ತಲೆಯ ಮೇಲೆ ಕಿಡಿಗೆ ಬೇಕಾದ ವೋಲ್ಟ್ ಕೊಡುವ ಅದರದೇ ಕಾಯಿಲ್, ಅದರ ಕೆಳಗೆ ಉದ್ದನೆಯ ರಬ್ಬರ್ ಬೂಟ್. ಆ ಬಾವಿಯೊಳಗೆ ನೀರಿನ ಪಸೆ ಸೇರಿದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಎಂಜಿನ್ ಬಿಸಿಯಾಗಿ ಪಸೆ ಆರಿದ ಮೇಲೆ ಎಲ್ಲ ಸರಿ. ಮಲೆನಾಡಿನ ಕಾರುಗಳಲ್ಲಿ ಇದು ಹೊಸದೇನಲ್ಲ. ಬಾನೆಟ್ ಎತ್ತಿ ಎಂಜಿನ್ನಿಗೆ ಪೈಪ್ ಹಿಡಿದು ತೊಳೆಯುವ ಅಭ್ಯಾಸ ಇದ್ದರಂತೂ ಹೀಗಾಗುವ ಸಾಧ್ಯತೆ ಇನ್ನೂ ಜಾಸ್ತಿ. ದಯವಿಟ್ಟು ಸರ್ವಿಸ್ ಸ್ಟೇಷನ್ನಿನಲ್ಲೂ ಎಂಜಿನ್ನಿಗೆ ಪ್ರೆಷರ್ ನೀರು ಹೊಡೆಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೈಲೇಜಿನ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಈಗ ಬಂಕ್‌ಗಳಲ್ಲಿ ಸಿಗುವುದು ಬಹುತೇಕ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಲೀಟರಿಗೆ ಲೀಟರ್ ನೋಡಿದರೆ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಪಾಲು ಮಾತ್ರ. ಹಾಗಾಗಿ ಏನೂ ಬೆರೆಸದ ಪೆಟ್ರೋಲ್‌ಗೆ ಹೋಲಿಸಿದರೆ ಈ ಮಿಶ್ರಣದಲ್ಲಿ ಶಕ್ತಿ ಶೇ 6-7ರಷ್ಟು ಕಡಿಮೆ. ಅಂದರೆ 17 ಕೊಡುತ್ತಿದ್ದ ಕಾರು 16ರ ಆಸುಪಾಸಿಗೆ ಬಂದರೆ ಅದಕ್ಕೆ ಪ್ಲಗ್ಗನ್ನು ಬೈಯಬೇಕಿಲ್ಲ. 14ಕ್ಕೆ ಇಳಿದದ್ದು ಮಾತ್ರ ಎಥನಾಲ್ ಒಂದರಿಂದಲೇ ಅಲ್ಲ. ಮಿಸ್ಸಿಂಗ್ ಅದರಲ್ಲೊಂದು ಪಾಲು ತಿಂದಿರಬಹುದು. ಟೈರ್ ಗಾಳಿ, ಏರ್ ಫಿಲ್ಟರ್, ಬಿಡದೆ ಉಜ್ಜುತ್ತಿರುವ ಬ್ರೇಕ್, ಪೇಟೆಯೊಳಗಿನ ಸಣ್ಣ ಓಡಾಟ ಇವುಗಳನ್ನೂ ನೋಡಬೇಕು. ಪ್ಲಗ್ ಬದಲಿಸಿದ ಮರುದಿನ 17 ಬರಲೇಬೇಕು ಎಂದು ಕಾಯಬೇಡಿ. ಜರ್ಕ್ ಹೋಗಬೇಕು, ನಡುಕ ಹೋಗಬೇಕು. ಮೊದಲು ನೋಡಬೇಕಾದ ಫಲ ಅದು.

ಇರಿಡಿಯಂ, ಎಮರಿ ಪೇಪರ್, ಗ್ರೀಸ್

ಇರಿಡಿಯಂ ಒಳ್ಳೆಯ ಪ್ಲಗ್ಗೇ. ನಿಕ್ಕಲ್ ಕರಗುವುದು 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇರಿಡಿಯಂ 2,400 ಡಿಗ್ರಿ ದಾಟಿದ ಮೇಲೆ. ಇರಿಡಿಯಂ ಅಷ್ಟು ಗಟ್ಟಿ ಇರುವುದರಿಂದ ತುದಿಯನ್ನು ಸೂಜಿಯ ಹಾಗೆ ಸಣ್ಣ ಮಾಡಬಹುದು. ಕೆಲವು ಪ್ಲಗ್‌ಗಳಲ್ಲಿ 0.6 ಮಿ.ಮೀ., ಕೆಲವದರಲ್ಲಿ 0.4 ಮಿ.ಮೀ. ಅಷ್ಟೇ. ತುದಿ ಸಣ್ಣದಾದರೆ ಕಡಿಮೆ ವೋಲ್ಟ್‌ನಲ್ಲಿ ಕಿಡಿ ಹಾರುತ್ತದೆ, ಸವೆತವೂ ನಿಧಾನ. ಅದರ ನಿಜವಾದ ಲಾಭ ಬಾಳಿಕೆ. ಕಂಪನಿಯೇ ಇರಿಡಿಯಂ ಹಾಕಿ ಕೊಡುವ ಎಷ್ಟೋ ಕಾರುಗಳಲ್ಲಿ ಪ್ಲಗ್ ಒಂದು ಲಕ್ಷ ಕಿ.ಮೀ. ವರೆಗೆ ಬರುತ್ತದೆ. ಪಿಕಪ್, ಮೈಲೇಜ್ ಎರಡೂ ಜಾಸ್ತಿ ಆಗುತ್ತೆ ಎನ್ನುವುದು ಮಾರುವವರ ಮಾತು. ಸವೆದ ಪ್ಲಗ್ ತೆಗೆದು ಹೊಸ ನಿಕ್ಕಲ್ ಹಾಕಿದರೂ ಕಾರು ಚುರುಕಾಗುತ್ತದೆ, ಹೊಸ ಇರಿಡಿಯಂ ಹಾಕಿದರೂ ಆಗುತ್ತದೆ. ಎರಡನೆಯದಕ್ಕೆ ನಾಲ್ಕೈದು ಪಟ್ಟು ದುಡ್ಡು ಕೊಟ್ಟವರು ಆ ಚುರುಕನ್ನು ಇರಿಡಿಯಂ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ನನ್ನ ಸಲಹೆ: ನಿಮ್ಮ ಪುಸ್ತಕದಲ್ಲಿ ಯಾವ ಪ್ಲಗ್ ಬರೆದಿದೆಯೋ ಅದನ್ನೇ ತನ್ನಿ. ಅಲ್ಲಿ ನಿಕ್ಕಲ್ ಎಂದಿದ್ದರೆ ನಿಕ್ಕಲ್ ಸಾಕು. ಮತ್ತೆ ಮತ್ತೆ ಬಿಚ್ಚುವ ತಲೆನೋವು ಬೇಡ ಅನ್ನುವವರು ಅದೇ ಹೀಟ್ ರೇಂಜಿನ ಇರಿಡಿಯಂ ಹಾಕಿದರೆ ತಪ್ಪೇನಿಲ್ಲ. ಆದರೆ ಪುಸ್ತಕದಲ್ಲೇ ಇರಿಡಿಯಂ ಅಥವಾ ಪ್ಲಾಟಿನಂ ಎಂದಿದ್ದರೆ ಉಳಿತಾಯಕ್ಕೆ ನಿಕ್ಕಲ್ ಹಾಕಬೇಡಿ. ಟರ್ಬೊ ಎಂಜಿನ್‌ಗಳಲ್ಲಂತೂ ಬೇಡವೇ ಬೇಡ. ಇನ್ನು 'ಕಾಪರ್ ಪ್ಲಗ್' ಎಂದು ಅಂಗಡಿಯಲ್ಲಿ ಕೊಡುತ್ತಾರಲ್ಲ, ಅದರ ಕಿಡಿ ಹಾರುವ ತುದಿಯೂ ನಿಕ್ಕಲ್ ಮಿಶ್ರಲೋಹವೇ. ತಾಮ್ರ ಇರುವುದು ಒಳಗಡೆ, ಶಾಖ ಹೊರಗೆ ಸಾಗಿಸಲು.

ಹೀಟ್ ರೇಂಜ್ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಎಡವುವುದು ಇಲ್ಲೇ. ಪ್ಲಗ್ಗಿನ ತುದಿ ಸುಮಾರು 450-500 ಡಿಗ್ರಿಗಿಂತ ಬಿಸಿ ಇದ್ದರೆ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ತೀರಾ ಬಿಸಿಯಾಗಿ 800-900 ಡಿಗ್ರಿ ದಾಟಿದರೆ ಕಿಡಿಗೆ ಕಾಯದೆ ಆ ತುದಿಯೇ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ತೂತು ಬೀಳುವವರೆಗೂ ಹೋಗುವ ತೊಂದರೆ ಅದು. ಈ ಎರಡರ ನಡುವೆ ಉಳಿಯುವ ಹಾಗೆ ಪ್ರತಿ ಎಂಜಿನ್ನಿಗೂ ಇಷ್ಟೇ ಶಾಖ ಬಿಟ್ಟುಕೊಡುವ ಪ್ಲಗ್ ಬೇಕು ಎಂದು ಗೊತ್ತುಮಾಡಿರುತ್ತಾರೆ. ಅದನ್ನು ಪ್ಲಗ್ಗಿನ ಸಂಕೇತದಲ್ಲಿ ಒಂದು ಅಂಕಿಯಾಗಿ ಬರೆಯುತ್ತಾರೆ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್, ಚಾಂಪಿಯನ್‌ನಲ್ಲಿ ಇದು ತಿರುವುಮುರುವು, ಅಂಕಿ ದೊಡ್ಡದಾದಷ್ಟೂ ಬಿಸಿಯದು. ಹಾಗಾಗಿ 'ಇದರಲ್ಲಿ 6, ಅದರಲ್ಲೂ 6, ಎರಡೂ ಒಂದೇ' ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಬ್ರ್ಯಾಂಡ್ ಬದಲಿಸುವುದಾದರೆ ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರು ಹುಡುಕಿಯೇ ತೆಗೆದುಕೊಳ್ಳಿ.

ಹಳೇ ಕಾಲದ ಮೆಕ್ಯಾನಿಕ್‌ಗಳು ಇವತ್ತಿಗೂ ಯಾವ ಪ್ಲಗ್ ಆದರೂ 'ಮೈಕೋ' ಅನ್ನುವುದುಂಟು. 1951ರಲ್ಲಿ ಶುರುವಾದ ಆ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ತಯಾರಿಸುತ್ತಿತ್ತು. ಈಗಿನ ಬಾಷ್ ಅದೇ. ಆ ತಲೆಮಾರಿನವರ ಕೈಯಲ್ಲಿ ಪ್ಲಗ್ ಉಜ್ಜುವುದು, ಸಂದಿ ಸರಿಮಾಡುವುದು ಒಂದು ಕಲೆಯೇ ಆಗಿತ್ತು. ನಿಮ್ಮ ಭಾವ ಹೇಳುವ ಎಮರಿ ಪೇಪರ್ ಉಪಾಯ ಬಂದಿದ್ದು ಅಲ್ಲಿಂದಲೇ.

ಆ ಕಾಲಕ್ಕೆ ಅದು ಸರಿ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಮಸಿ ಬೇಗ ಕೂರುತ್ತಿತ್ತು, ಪ್ಲಗ್ಗಿನಲ್ಲಿ ಇನ್ನೂ ಆಯಸ್ಸು ಇರುತ್ತಿತ್ತು, ಉಜ್ಜಿದರೆ ನಡೆಯುತ್ತಿತ್ತು. ನಿಮ್ಮದು ಮಸಿಯ ಸಮಸ್ಯೆ ಅಲ್ಲ, ಸವೆತದ್ದು. ಕಿಡಿ ಸುಲಭವಾಗಿ ಹಾರುವುದು ಚೂಪಾದ ಅಂಚಿನಿಂದ. 78,000 ಕಿ.ಮೀ. ಆದ ಪ್ಲಗ್ಗಿನ ಅಂಚು ದುಂಡಗಾಗಿರುತ್ತದೆ, ಸಂದಿ ಅಗಲವಾಗಿರುತ್ತದೆ. ಉಜ್ಜಿದರೆ ಲೋಹ ಇನ್ನಷ್ಟು ಹೋಗುತ್ತದೆ. ಜೊತೆಗೆ ಎಮರಿ ಪುಡಿ ಒಳಗೆ ಉಳಿಯುತ್ತದೆ. ತಂತಿ ಬ್ರಷ್ ಬಳಸಿದರೆ ಬಿಳಿ ಪಿಂಗಾಣಿಯ ಮೇಲೆ ಲೋಹದ ಗೆರೆ ಬೀಳುತ್ತದೆ, ಕಿಡಿ ಅದೇ ಗೆರೆ ಹಿಡಿದು ಸೋರಿಹೋಗುತ್ತದೆ. ಇರಿಡಿಯಂ ಪ್ಲಗ್ಗಿಗೆ ಎಮರಿ ತಾಗಿಸಿದರೆ ಆ ಸಣ್ಣ ತುದಿಯೇ ಮುರಿಯಬಹುದು. ಹೊಸ ನಿಕ್ಕಲ್ ಪ್ಲಗ್ ಒಂದಕ್ಕೆ ನೂರು, ಇನ್ನೂರು ರೂಪಾಯಿ ಆಸುಪಾಸು. ಅಷ್ಟಕ್ಕೆ ಉಜ್ಜುವ ಕಷ್ಟ ಯಾಕೆ?

ಇದರಲ್ಲಿ ಇನ್ನೊಂದು ವಿಷಯ ಇದೆ. ಸಂದಿ ಅಗಲವಾದಷ್ಟೂ ಕಾಯಿಲ್ ಹೆಚ್ಚು ವೋಲ್ಟ್ ಕೊಡಬೇಕು. ವರ್ಷಗಟ್ಟಲೆ ಹೀಗೆ ದುಡಿದ ಕಾಯಿಲ್ ಒಳಗೇ ಸುಟ್ಟುಹೋಗುತ್ತದೆ. ಪ್ಲಗ್ ಬದಲಿಸುವುದನ್ನು ಮುಂದೂಡಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಒಂದು ಕಾಯಿಲ್‌ಗೆ ಕೊಡಬೇಕಾಗುತ್ತದೆ.

ಗ್ರೀಸಿನ ಜಗಳದಲ್ಲಿ ಇಬ್ಬರೂ ಬೇರೆ ಬೇರೆ ಜಾಗದ ಬಗ್ಗೆ ಮಾತಾಡುತ್ತಿದ್ದಾರೆ. ಥ್ರೆಡ್‌ಗೆ ಬೇಡ. ಈಗಿನ ಒಳ್ಳೆಯ ಪ್ಲಗ್‌ಗಳ ಥ್ರೆಡ್ ಮೇಲೆ ತುಕ್ಕು ಹಿಡಿಯದ, ಕಚ್ಚಿಕೊಳ್ಳದ ಲೇಪ ಇರುತ್ತದೆ. ಎನ್‌ಜಿಕೆ ಕಂಪನಿಯಂತೂ ಥ್ರೆಡ್‌ಗೆ ಏನನ್ನೂ ಹಚ್ಚಬೇಡಿ ಎಂದೇ ಹೇಳುತ್ತದೆ. ಯಾಕೆ ಗೊತ್ತಾ? ಜಾರುವ ಪದಾರ್ಥ ಹಚ್ಚಿದಾಗ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ತೋರಿಸುವ ಅಂಕಿ ಅದೇ ಇದ್ದರೂ ಪ್ಲಗ್ ನಿಜವಾಗಿ ಇನ್ನೂ ಜಾಸ್ತಿ ಬಿಗಿಯಾಗಿರುತ್ತದೆ. ಥ್ರೆಡ್ ಉಳಿಸಲು ಹಚ್ಚಿದ ಗ್ರೀಸೇ ಥ್ರೆಡ್ ಎಳೆಯಲು ಕಾರಣ ಆಗಬಹುದು. ಇನ್ನು ಕಾಯಿಲ್‌ನ ರಬ್ಬರ್ ಬೂಟ್ ಬಾಯಿಯ ಒಳಅಂಚಿಗೆ ಚೂರು ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯಬಿಡದ, ಸಿಲಿಕಾನ್ ಗ್ರೀಸ್ ಸವರಬಹುದು. ನಿಮ್ಮೂರಿನ ಮಳೆಗೆ ಅದು ಒಳ್ಳೆಯದೇ. ಪಸೆ ಒಳಗೆ ಹೋಗುವುದಿಲ್ಲ, ಮುಂದಿನ ಸಲ ಬೂಟ್ ಸುಲಭವಾಗಿ ಬರುತ್ತದೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಮಾತ್ರ ಬಳಸಬೇಡಿ, ರಬ್ಬರ್ ಊದಿ ಹಾಳಾಗುತ್ತದೆ.

ಕೆಲಸಕ್ಕೆ ಕೂರುವ ಮೊದಲು

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಳಗೆ ರಬ್ಬರ್ ಅಥವಾ ಆಯಸ್ಕಾಂತ ಇರುವ ಪ್ಲಗ್ ಸಾಕೆಟ್, ಉದ್ದನೆಯ ಎಕ್ಸ್‌ಟೆನ್ಷನ್, ರಾಟ್ಚೆಟ್ (ಸಾಕೆಟ್ ತಿರುಗಿಸುವ ಹಿಡಿ), 10 ನಂಬರ್ ಸಾಕೆಟ್, ಒಂದು ಗೇಣು ರಬ್ಬರ್ ಪೈಪ್, ಸೈಕಲ್ ಪಂಪು. ಸಾಧ್ಯವಾದರೆ ಟಾರ್ಕ್ ರೆಂಚ್. ಪ್ಲಗ್ ಸಾಕೆಟ್‌ನ ಅಳತೆ ಊಹೆ ಮಾಡಬೇಡಿ. ಹಳೆಯ ಮಾರುತಿ 800, ಓಮ್ನಿ ಕಾಲದ ದಪ್ಪ ಪ್ಲಗ್‌ಗಳಿಗೆ 21 ಬೇಕಿತ್ತು. ಈಗಿನ ಕಾರುಗಳಲ್ಲಿ 16 ಅಥವಾ 14 ಇರುತ್ತದೆ. ಹೊಸ ಪ್ಲಗ್ ತಂದು ಅದಕ್ಕೆ ಸಾಕೆಟ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಪ್ಲಗ್ ಕೊಳ್ಳುವಾಗ ನಕಲಿ ಮಾಲಿನ ಬಗ್ಗೆ ಎಚ್ಚರ ಇರಲಿ. ನಮ್ಮಲ್ಲಿ ಅದು ಧಾರಾಳವಾಗಿ ಓಡಾಡುತ್ತದೆ. ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿ, ಇಲ್ಲವೇ ಬಿಲ್ ಕೊಡುವ ಪರಿಚಿತ ಡೀಲರ್ ಸರಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಬಿಲ್ ಕೇಳಿ. ಅರ್ಧ ಬೆಲೆಗೆ ಇರಿಡಿಯಂ ಸಿಕ್ಕಿತು ಅಂದರೆ ಅದರಲ್ಲಿ ಇರಿಡಿಯಂ ಇರುವ ಬಗ್ಗೆಯೇ ಅನುಮಾನ ಪಡಿ. ಅಕ್ಷರಗಳು ಅಳಿಸಿದ ಹಾಗಿದ್ದರೆ, ನಡುವಿನ ತುದಿ ಓರೆ ಇದ್ದರೆ, ವಾಷರ್ ಸಡಿಲವಾಗಿ ಉದುರುತ್ತಿದ್ದರೆ ವಾಪಸ್ ಕೊಡಿ. ಕೈಜಾರಿ ಸಿಮೆಂಟ್ ನೆಲದ ಮೇಲೆ ಬಿದ್ದ ಹೊಸ ಪ್ಲಗ್ ಅನ್ನೂ ಹಾಕಬೇಡಿ. ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು.

ತುದಿಯ ಸಂದಿ ಹೊಸ ಪ್ಲಗ್‌ಗಳಲ್ಲಿ ಕಾರ್ಖಾನೆಯಿಂದಲೇ ಸರಿ ಇರುತ್ತದೆ. ಎನ್‌ಜಿಕೆ ಸಂಕೇತದ ಕೊನೆಗೆ 11 ಎಂದಿದ್ದರೆ 1.1 ಮಿ.ಮೀ. ಸಂದಿ ಎಂದು ಅರ್ಥ, 10 ಎಂದಿದ್ದರೆ 1.0. ಸಾಗಣೆಯಲ್ಲಿ ಬಡಿದಿರಬಹುದು ಅನ್ನಿಸಿದರೆ ತಂತಿ ಗೇಜ್ ಹಾಕಿ ನೋಡಿ. ಇರಿಡಿಯಂ ಆದರೆ ನಡುವಿನ ತುದಿಗೆ ಏನನ್ನೂ ಆನಿಸಿ ಬಗ್ಗಿಸಬೇಡಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಸಿಕ್ಕರೆ ತುಂಬಾ ಒಳ್ಳೆಯದು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಾಯಿಲ್ ಕೊಡುವುದು ಇಪ್ಪತ್ತು, ಮೂವತ್ತು ಸಾವಿರ ವೋಲ್ಟ್. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಎಳೆದು ಬಾಡಿಗೆ ತಾಗಿಸಿ ಕಿಡಿ ನೋಡುವ ಹಳೇ ಪದ್ಧತಿ ಈ ಕಾರಿಗೆ ಬೇಡ. ನಿಮಗೂ ಶಾಕ್, ಕಾಯಿಲ್‌ಗೂ ಪೆಟ್ಟು, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದೂ ಹಾಳು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಓಡುವ ಎಂಜಿನ್ನಿನ ಕಾಯಿಲ್‌ಗಳ ಹತ್ತಿರ ಬಗ್ಗಲೇಬಾರದು.

ಬಿಚ್ಚುವುದು, ಕೂರಿಸುವುದು

ಒಂದು ಸಲಕ್ಕೆ ಒಂದೇ ಸಿಲಿಂಡರ್. ಇದರಿಂದ ಕನೆಕ್ಟರ್ ಅದಲುಬದಲು ಆಗುವುದಿಲ್ಲ.

ಕಾಯಿಲ್‌ನ ಕನೆಕ್ಟರಿಗೆ ಪ್ಲಾಸ್ಟಿಕ್ ಲಾಕ್ ಇರುತ್ತದೆ. ಹತ್ತು ವರ್ಷದ ಕಾರಿನಲ್ಲಿ ಶಾಖಕ್ಕೆ ಅದು ಹಪ್ಪಳದ ಹಾಗೆ ಆಗಿರುತ್ತದೆ. ಲಾಕ್ ಒತ್ತಿ, ಕನೆಕ್ಟರಿನ ಮೈ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ಬೋಲ್ಟ್ ಬಿಚ್ಚಿದ ಮೇಲೆ ಕಾಯಿಲ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಅಂಟು ಬಿಡಿಸಿ, ಆಮೇಲೆ ನೇರವಾಗಿ ಮೇಲಕ್ಕೆತ್ತಿ.

ಈಗ ನಿಲ್ಲಿ. ಟಾರ್ಚ್ ಹಾಕಿ ಬಾವಿಯೊಳಗೆ ನೋಡಿ. ಕೆಂಪು ಧೂಳು, ಮರಳು, ಒಣಗಿದ ಎಲೆ ಚೂರು, ಇಲಿ ತಂದಿಟ್ಟ ಅಡಿಕೆ ಸಿಪ್ಪೆ, ನಾನು ಇವೆಲ್ಲ ನೋಡಿದ್ದೇನೆ. ಪ್ಲಗ್ ಬಿಚ್ಚಿದ ಕೂಡಲೇ ಅದೆಲ್ಲ ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಸೈಕಲ್ ಪಂಪಿನ ಪೈಪ್ ಒಳಗೆ ಬಿಟ್ಟು ಚೆನ್ನಾಗಿ ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಬಹಳ ಜನ ಬಿಡುವ ಹೆಜ್ಜೆ ಇದು. ಒಂದು ಕಾಳು ಮರಳು ಸಿಲಿಂಡರ್ ಗೋಡೆಗೆ ಮಾಡುವ ಗೀರು ಯಾವ ಪ್ಲಗ್ಗಿನಿಂದಲೂ ಸರಿಯಾಗುವುದಿಲ್ಲ.

ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಗಾಬರಿ ಬೇಡ. ವಾಲ್ವ್ ಕವರಿನ ರಬ್ಬರ್ ಸೀಲ್ ಗಟ್ಟಿಯಾಗಿ ಎಣ್ಣೆ ಮೇಲಿನಿಂದ ಸೋರುತ್ತಿದೆ ಎಂದು ಅರ್ಥ. ಬಟ್ಟೆಯಲ್ಲಿ ಹೀರಿ ತೆಗೆಯಿರಿ. ಸೀಲ್ ಬದಲಿಸುವವರೆಗೆ ಹೊಸ ಪ್ಲಗ್ಗೂ ಬೂಟೂ ಎಣ್ಣೆಯಲ್ಲೇ ನೆನೆಯುತ್ತವೆ, ಹಾಗಾಗಿ ಅದನ್ನು ಬೇಗ ಮಾಡಿಸಿ. ಎಂಜಿನ್ ರಿಂಗ್ ಹೋಗಿದೆ ಎಂದು ಯಾರಾದರೂ ಇದನ್ನು ತೋರಿಸಿ ಹೆದರಿಸಿದರೆ ನಂಬಬೇಡಿ.

ಸಾಕೆಟ್ ನೇರವಾಗಿ ಕೂತಿರಲಿ, ಓರೆಯಾದರೆ ಪಿಂಗಾಣಿ ಒಡೆಯುತ್ತದೆ. ಮೊದಲು ಕಾಲು ಸುತ್ತು ಸಡಿಲಿಸಿ. ಕಿರ್ ಎಂದು ಕಚ್ಚಿಕೊಂಡರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಬಿಟ್ಟು ಕಾಯಿರಿ. ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸಿ. ಆಗಲೂ ಬಗ್ಗದಿದ್ದರೆ ಕಾಯಿಲ್ ವಾಪಸ್ ಹಾಕಿ ಗ್ಯಾರೇಜಿಗೆ ಹೋಗಿ. ಆ ಹೊತ್ತಿಗೆ ಸುಮ್ಮನಾದರೆ ಹಾಳಾಗುವುದು ಏನೂ ಇಲ್ಲ. ಹಠ ಹಿಡಿದರೆ ಮಾತ್ರ ಪ್ಲಗ್ ಮುರಿದು ಅರ್ಧ ಒಳಗೆ ಉಳಿಯಬಹುದು.

ಹೊಸ ಪ್ಲಗ್ ಕೂರಿಸುವಾಗ ರಬ್ಬರ್ ಪೈಪಿನ ಕೆಲಸ ಬರುತ್ತದೆ. ಪ್ಲಗ್ಗಿನ ತಲೆಯನ್ನು ಪೈಪಿನ ತುದಿಗೆ ಸಿಕ್ಕಿಸಿ ಬಾವಿಯೊಳಗೆ ನಿಧಾನ ಇಳಿಸಿ. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಟಕ್ ಎಂದು ಸ್ವಲ್ಪ ಕೆಳಗಿಳಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಎರಡು ಥ್ರೆಡ್‌ಗಳ ಬಾಯಿ ಸೇರಿದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿ. ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆ, ಅದರಿಂದ ಥ್ರೆಡ್‌ಗೆ ಪೆಟ್ಟಾಗುವಷ್ಟು ಬಲ ಬರುವುದೇ ಇಲ್ಲ. ವಾಷರ್ ಹೆಡ್‌ಗೆ ತಾಗುವವರೆಗೂ ಬೆರಳ ಬಲದಲ್ಲೇ ಹೋಗಬೇಕು. ಒಂದೆರಡು ಸುತ್ತಿಗೇ ಬಿಗಿಯಾಯಿತು ಅಂದರೆ ಅದು ಓರೆ ಕೂತಿದೆ. ಹೊರಗೆ ತೆಗೆದು ಮತ್ತೆ ಶುರುಮಾಡಿ. ಎಷ್ಟು ಸಲ ಬೇಕಾದರೂ ಮಾಡಿ, ಆದರೆ ಆ ಹಂತದಲ್ಲಿ ರಾಟ್ಚೆಟ್ ಮುಟ್ಟಬೇಡಿ. ಈ ಇಡೀ ಉತ್ತರದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಿಗಿ ಎಷ್ಟು? ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಮೊದಲು. ಅದು ಸಿಗದಿದ್ದರೆ ಪ್ಲಗ್ ಪೆಟ್ಟಿಗೆಯ ಮೇಲೆ ನೋಡಿ. ವಾಷರ್ ಇರುವ ಪ್ಲಗ್‌ಗಳಿಗೆ ಎನ್‌ಜಿಕೆ ಕೊಡುವ ಲೆಕ್ಕ ಹೀಗಿದೆ: 12 ಮಿ.ಮೀ. ಥ್ರೆಡ್‌ಗೆ 15ರಿಂದ 20 ನ್ಯೂಟನ್ ಮೀಟರ್, 14 ಮಿ.ಮೀ. ಥ್ರೆಡ್‌ಗೆ 25ರಿಂದ 30. ಇದು ಸಾಕೆಟ್‌ನ ಅಳತೆಯಲ್ಲ, ಥ್ರೆಡ್‌ನ ವ್ಯಾಸ. ಎರಡನ್ನೂ ಕಲಸಿಕೊಳ್ಳಬೇಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ 14 ಮಿ.ಮೀ. ಪ್ಲಗ್ ಅನ್ನು ಬೆರಳಲ್ಲಿ ಪೂರ್ತಿ ಕೂರಿಸಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಅರ್ಧಕ್ಕಿಂತ ಚೂರು ಜಾಸ್ತಿ. ವಾಷರ್ ಚಪ್ಪಟೆ ಆಗುವುದು ಕೈಗೆ ಗೊತ್ತಾಗುತ್ತದೆ. ಬಳಸಿದ ಪ್ಲಗ್ ಅನ್ನೇ ವಾಪಸ್ ಹಾಕುವಾಗ ವಾಷರ್ ಮೊದಲೇ ಚಪ್ಪಟೆ ಆಗಿರುತ್ತದೆ, ಅದಕ್ಕೆ ಸುತ್ತಿನ ಹನ್ನೆರಡನೇ ಒಂದು ಪಾಲು ಸಾಕು. ವಾಷರೇ ಇಲ್ಲದ, ಇಳಿಜಾರು ಸೀಟಿನ ಪ್ಲಗ್‌ಗಳಿಗೆ ಇನ್ನೂ ಕಡಿಮೆ, ಹದಿನಾರನೇ ಒಂದು ಪಾಲು.

ಹೆದರಿ ಸಡಿಲ ಬಿಡುವುದೂ ತಪ್ಪು. ಪ್ಲಗ್ಗಿನ ಶಾಖದ ದೊಡ್ಡ ಪಾಲು ಥ್ರೆಡ್ ಮತ್ತು ವಾಷರ್ ಮೂಲಕವೇ ಹೆಡ್‌ಗೆ ಹೋಗುತ್ತದೆ. ಸಡಿಲ ಇದ್ದರೆ ಆ ದಾರಿ ಮುಚ್ಚಿ ತುದಿ ಕಾದು ಕೆಂಪಾಗುತ್ತದೆ.

ಹಳೇ ಪ್ಲಗ್ ಎಸೆಯುವ ಮುನ್ನ

ನಾಲ್ಕನ್ನೂ ಸಿಲಿಂಡರ್ ಸಾಲಿನಲ್ಲೇ ಪೇಪರಿನ ಮೇಲೆ ಇಟ್ಟು ನೋಡಿ. ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ನಾಲ್ಕರಲ್ಲೂ ಒಣ ಕಪ್ಪು ಮಸಿ ಇದ್ದರೆ ಇಂಧನ ಜಾಸ್ತಿ ಹೋಗುತ್ತಿದೆ, ಇಲ್ಲವೇ ಕಾರು ಬಿಸಿಯಾಗುವಷ್ಟು ದೂರ ಓಡುತ್ತಲೇ ಇಲ್ಲ. ಬಿಳಿ ಬಣ್ಣ, ಗುಳ್ಳೆ ಎದ್ದ ಹಾಗಿದ್ದರೆ ತುದಿ ಅತಿಯಾಗಿ ಕಾದಿದೆ, ತೋರಿಸಬೇಕು. ಒಂದರಲ್ಲಿ ಮಾತ್ರ ತುದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಆ ಸಿಲಿಂಡರಿನ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಮೇಲೆ ಕಣ್ಣಿಡಿ. ಬಾವಿಯ ಎಣ್ಣೆ ಬೇರೆ, ತುದಿಯ ಎಣ್ಣೆ ಬೇರೆ.

ಹೊರಗಿನ ಬಿಳಿ ಪಿಂಗಾಣಿಯ ಬುಡದಲ್ಲಿ, ಲೋಹ ಶುರುವಾಗುವ ಕಡೆ ಕಂದು ಬಣ್ಣದ ಪಟ್ಟಿ ಕಾಣಬಹುದು. ಗ್ಯಾಸ್ ಲೀಕ್ ಎಂದು ಅದನ್ನು ತೋರಿಸಿ ಪ್ಲಗ್ ಬದಲಿಸಿದವರಿದ್ದಾರೆ. ಅದು ಲೀಕ್ ಅಲ್ಲ. ಹೆಚ್ಚು ವೋಲ್ಟ್‌ನ ಸುತ್ತ ಗಾಳಿಯಲ್ಲಿರುವ ಎಣ್ಣೆಯ ಕಣಗಳು ಅಂಟಿ ಆದ ಕಲೆ. ಅದರಿಂದ ಏನೂ ತೊಂದರೆ ಇಲ್ಲ.

ನೀವೇ ಮಾಡಬೇಕಾ, ಗ್ಯಾರೇಜಿಗೆ ಕೊಡಬೇಕಾ?

ನಿಮ್ಮ ಕಾರಿಗೆ ನನ್ನ ಮತ ನೀವೇ ಮಾಡುವುದರ ಕಡೆಗೆ. ಎರಡನೆಯ ದಾರಿಯೂ ಇದೆ. ಸರಿಯಾದ ಪ್ಲಗ್ ನೀವೇ ಕೊಂಡು, ಪರಿಚಿತ ಮೆಕ್ಯಾನಿಕ್ ಹತ್ತಿರ ಮುಂದೆ ನಿಂತು ಹಾಕಿಸಿ. ತಣ್ಣಗಿನ ಎಂಜಿನ್ನಿನಲ್ಲಿ, ಬಾವಿಗೆ ಗಾಳಿ ಹೊಡೆದು, ಕೈಯಲ್ಲಿ ತಿರುಗಿಸಿ ಕೂರಿಸಲು ಹೇಳಿ. ಹಳೇ ಪ್ಲಗ್ ವಾಪಸ್ ಕೇಳಿ. ಗಾಳಿ ಗನ್ನಿನಲ್ಲಿ ಪ್ಲಗ್ ಬಿಗಿ ಮಾಡುವವರಿಗೆ ಕಾರು ಕೊಡಬೇಡಿ. ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚದೆ ಪ್ಲಗ್ ಸಿಗದ ಎಂಜಿನ್‌ಗಳು, ತಾನೇ ಸ್ಟಾರ್ಟ್ ಆಗಬಲ್ಲ ಹೈಬ್ರಿಡ್ ಕಾರುಗಳು, ವಾರಂಟಿ ಇರುವ ಹೊಸ ಕಾರುಗಳು ಇವನ್ನು ಮನೆಯಲ್ಲಿ ಮುಟ್ಟದಿರುವುದೇ ಸರಿ. ಸಿಎನ್‌ಜಿ ಕಾರಿನವರೂ ಇದನ್ನು ಮನೆಯಲ್ಲಿ ಮಾಡಬಹುದು, ಆದರೆ ಆ ಇಂಧನಕ್ಕೆ ಕಿಡಿ ಹಚ್ಚಲು ಹೆಚ್ಚು ವೋಲ್ಟ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಸಿಎನ್‌ಜಿಗೆಂದೇ ಹೇಳಿದ ಪ್ಲಗ್ಗನ್ನೇ ಹಾಕಿ.

ಅಕಸ್ಮಾತ್ ಥ್ರೆಡ್ ಹೋದರೆ? ಬಿಗಿ ಮಾಡುತ್ತಾ ಹೋದ ಹಾಗೆ ಪ್ಲಗ್ ಸುಮ್ನೆ ತಿರುಗುತ್ತಲೇ ಇದ್ದರೆ ಥ್ರೆಡ್ ಎದ್ದಿದೆ. ಅಂಥ ಕಾರನ್ನು ಓಡಿಸಬೇಡಿ. ಒಳಗಿನ ಒತ್ತಡಕ್ಕೆ ಪ್ಲಗ್ ಕಾಯಿಲ್ ಸಮೇತ ಹಾರಿಬರಬಹುದು. ಆದರೆ ಇದಕ್ಕೆ ಎಂಜಿನ್ ಇಳಿಸುವ ಮಾತೇ ಇಲ್ಲ. ಹಳೇ ಥ್ರೆಡ್ ಕೊರೆದು ತೆಗೆದು ಅಲ್ಲಿ ಉಕ್ಕಿನ ಹೊಸ ಥ್ರೆಡ್ ಕೂರಿಸುತ್ತಾರೆ. ಹೆಲಿಕಾಯಿಲ್ ಎನ್ನುವುದು ಅದರಲ್ಲೊಂದು ಬಗೆ. ಎಷ್ಟೋ ಸಲ ಹೆಡ್ ಬಿಚ್ಚದೆಯೇ ಆಗುತ್ತದೆ, ಕೊರೆಯುವಾಗ ಏಳುವ ಲೋಹದ ಚೂರು ಸಿಲಿಂಡರಿಗೆ ಬೀಳದಂತೆ ನೋಡಿಕೊಳ್ಳಬೇಕು ಅಷ್ಟೇ. ಚೆನ್ನಾಗಿ ಮಾಡಿದರೆ ಆ ಥ್ರೆಡ್ ಮೊದಲಿನದಕ್ಕಿಂತ ಗಟ್ಟಿ. ಹೆಡ್ ಬಿಚ್ಚಬೇಕಾಗಿ ಬಂದರೆ ಖರ್ಚು ಸಾವಿರಗಳಲ್ಲಿ ಏರುತ್ತದೆ, ಅದು ನಿಜ.

ಬದಲಿಸಿದ ಮೇಲೂ ನಡುಕ ಹೋಗದಿದ್ದರೆ ಮತ್ತೊಂದು ಸೆಟ್ ಪ್ಲಗ್ ಕೊಳ್ಳಬೇಡಿ. ಮೊದಲು ಕನೆಕ್ಟರ್‌ಗಳು ಟಕ್ ಎಂದು ಕೂತಿವೆಯಾ ನೋಡಿ. ಆಮೇಲೆ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿ. ಪಿ0301 ಬಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಬಂದರೆ ಎರಡನೆಯದರಲ್ಲಿ, ಹೀಗೆ. ಎರಡನೆಯದು ಎಂದಿಟ್ಟುಕೊಳ್ಳಿ. ಆ ಕಾಯಿಲ್ ತೆಗೆದು ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ, ಅದೊಂದನ್ನೇ ಬದಲಿಸಿ. ಮತ್ತೆ ಪಿ0302ವೇ ಬಂದರೆ ಕಾಯಿಲ್ ಚೆನ್ನಾಗಿದೆ. ಆಗ ಇಂಜೆಕ್ಟರ್ ನೋಡಿಸಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಜಿನ್ ಲೈಟ್ ಮಿಣುಕಲು ಶುರುವಾದರೆ ಮಾತ್ರ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.